ಅಟ್ಟದ ಮೇಲಿನ ಮೈಲಿಗಳು

ಆ ಇಮೇಲ್ ಬಂದಾಗ ನಾನು ಕಣದಲ್ಲಿ ಒಣಹಾಕಿದ ಕಾಫಿ ಕೆದಕುತ್ತಿದ್ದೆ. ನನ್ನ ಗಂಡ ಬೊಳ್ಳಪ್ಪ ಜಗಲಿಯ ಮೆಟ್ಟಿಲ ಮೇಲೆ ಕೂತು, ಮೊಬೈಲನ್ನು ಒಂದು ಮೊಳ ದೂರ ಹಿಡಿದು ಓದುತ್ತಿದ್ದರು. ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಓದಿದರು. ಮುಖ ನೋಡಿ ಯಾರೋ ನೆಂಟರು ತೀರಿಕೊಂಡಿರಬೇಕು ಅಂದುಕೊಂಡೆ.

“ಎಂತಾತ್?” ಎಂದು ಕೇಳಿದೆ.

“ಎಂತ ಇಲ್ಲೆ. ಕಾಂಚನ ಏರ್‌ನವ್ರದ್ದ್ ಸಿಹಿಸುದ್ದಿ ಗಡ.”

ಸಿಹಿಸುದ್ದಿ ಓದಿದವರ ಮುಖ ಹಾಗಿರುವುದಿಲ್ಲ. ಕೈಯಿಂದ ಮೊಬೈಲ್ ಕಿತ್ತುಕೊಂಡು ನಾನೇ ಓದಿದೆ. ‘ನಿಮ್ಮ ಪ್ರಯಾಣ ಇನ್ನಷ್ಟು ಸುಂದರವಾಗಲಿದೆ’ ಎಂದು ಶುರುವಾಗಿತ್ತು. ಕೆಳಗೆ ಹೋಗುತ್ತಾ ಹೋಗುತ್ತಾ ಸೌಂದರ್ಯ ಗೊತ್ತಾಯಿತು. ವಿಮಾನದಲ್ಲಿ ಹಾರಿದ ದೂರವನ್ನು ಮೈಲಿ ಎಂದು ಖಾತೆಗೆ ಸೇರಿಸಿ, ಮುಂದೆ ಅದಕ್ಕೆ ಬಿಟ್ಟಿ ಟಿಕೆಟ್ ಕೊಡುತ್ತಿದ್ದವರು ಅವರು. ಇನ್ನು ಮುಂದೆ ಹಾರಿದ ದೂರಕ್ಕೆ ಮೈಲಿ ಇಲ್ಲ, ಟಿಕೆಟಿಗೆ ಕೊಟ್ಟ ಹಣಕ್ಕೆ ಮಾತ್ರ. ಹಳೆಯ ಮೈಲಿಗಳು ಹೊಸ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆ. ಮೈಲಿ ಕೊಟ್ಟು ಪಡೆಯುವ ಟಿಕೆಟಿಗೆ ನಿಗದಿತ ದರ ಇಲ್ಲ, ದಿನಕ್ಕೊಂದು ದರ. ಉಳಿದದ್ದನ್ನು ಮಾರ್ಚ್ ಒಳಗೆ ಖರ್ಚು ಮಾಡದಿದ್ದರೆ ಅದೂ ಇಲ್ಲ. ಕೊನೆಯಲ್ಲಿ, ‘ನಮ್ಮ ಬಳಗದಲ್ಲಿರುವುದಕ್ಕೆ ಧನ್ಯವಾದ’.

ನನಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ಆ ಮೈಲಿ ಬೊಳ್ಳಪ್ಪನವರ ಹೆಸರಿನಲ್ಲಿದ್ದರೂ ಅದರಲ್ಲಿ ಹೋಗಬೇಕಾಗಿದ್ದವಳು ನಾನು.

ಬೊಳ್ಳಪ್ಪನವರಿಗೆ ಪಲ್ಪರ್ ಕೂರಿಸುವ ಕೆಲಸ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಅದು. ಮಡಿಕೇರಿಯ ಒಂದು ಕಂಪೆನಿ ಅದನ್ನು ಮಾಡಿ, ದೇಶದಲ್ಲಿ ಎಲ್ಲೆಲ್ಲಿ ಹೊಸದಾಗಿ ಕಾಫಿ ಹಾಕುತ್ತಾರೋ ಅಲ್ಲಿಗೆಲ್ಲ ಇವರನ್ನು ಕಳಿಸುತ್ತದೆ. ಅರಕು, ತ್ರಿಪುರ, ನಾಗಾಲ್ಯಾಂಡ್. ಸಂಪಾಜೆಯವರಾದ ನಮಗೆ ಘಾಟಿ ಇಳಿದರೆ ಮಂಗಳೂರಿನ ವಿಮಾನ ನಿಲ್ದಾಣ ಹತ್ತಿರ. ವರ್ಷಕ್ಕೆ ಏಳೆಂಟು ಸಲ ಹಾರಿ ಹಾರಿ ಅವರಿಗೆ ಚಿನ್ನದ ಬಣ್ಣದ ಕಾರ್ಡು ಬಂತು. ಅದನ್ನು ಪರ್ಸಿನಲ್ಲಿ ಎದುರಿಗೆ ಕಾಣುವ ಹಾಗೆ ಇಟ್ಟುಕೊಳ್ಳುತ್ತಿದ್ದರು, ದೇವರ ಪಟ ಹಿಂದೆ ಹೋಯಿತು. ಪೇಟೆಯ ಹೋಟೆಲಿನ ದೇರಪ್ಪ ಅವರನ್ನು ಕರೆಯುವುದೇ ‘ಗೋಲ್ಡ್ ಬೊಳ್ಳಪ್ಪಣ್ಣ’ ಎಂದು. ತಮಾಷೆಗೆ ಕರೆಯುತ್ತಾನೆ ಎಂಬುದು ಇವರಿಗೆ ಇವತ್ತಿಗೂ ಹೊಳೆದಿಲ್ಲ.

ಅವರು ಹಾರುವಾಗ ತೋಟ ನೋಡುತ್ತಿದ್ದವಳು ನಾನು. ಹಣ್ಣು ಕೊಯ್ಯಿಸುವ ಪಿಕ್ಕಿಂಗ್ ನನ್ನದು, ಕಣ ನನ್ನದು, ಲೈನಿನ ಸಾಲುಮನೆಗಳಲ್ಲಿರುವ ಅಸ್ಸಾಮಿನ ಆಳುಗಳ ಜಗಳ ಬಿಡಿಸುವುದೂ ನನ್ನದು. ಮೊದಲ ವರ್ಷವೇ ಅವರು ಹೇಳಿದ್ದರು, “ಮೈಲಿಲಿ ಅರ್ಧ ನಿಂದ್ ತಂಗಮ್ಮ” ಎಂದು. ಆಗ ನನಗೆ ಅದು ಬೇಕಾಗಿರಲಿಲ್ಲ. ವಿಮಾನದಲ್ಲಿ ಕೂರಬೇಕೆಂಬ ಹುಚ್ಚು ನನಗೆ ಯಾವತ್ತೂ ಇರಲಿಲ್ಲ. ಆಸೆ ಹುಟ್ಟಿದ್ದು ರೆನ್ಬೆನಿಯಿಂದ.

ರೆನ್ಬೆನಿ ನಾಗಾಲ್ಯಾಂಡಿನ ವೋಖಾ ಕಡೆಯವಳು. ಅವಳ ಊರಿನಲ್ಲಿ ಇವರು ಪಲ್ಪರ್ ಕೂರಿಸಿ ಬಂದ ವರ್ಷ ಒಂದು ಫೋನ್ ಬಂತು. ಯಂತ್ರ ಸರಿಯಾಗಿದೆ, ಕಾಫಿ ಮಾತ್ರ ಹುಳಿ ನಾರುತ್ತದೆ ಎಂದಳು. ಇವರು ಬೇರೆ ಯಾವುದೋ ಊರಿನಲ್ಲಿ ಯಂತ್ರದಡಿ ಗ್ರೀಸ್ ಮೆತ್ತಿಕೊಂಡು ಮಲಗಿದ್ದರು, ಮನೆಯ ನಂಬರಿಗೆ ಬಂದ ಆ ಫೋನ್ ತೆಗೆದವಳು ನಾನು. ಆಳುಗಳ ಜೊತೆ ಗುದ್ದಾಡಿ ಕಲಿತ ನನ್ನ ಹಿಂದಿ, ಅವಳ ಅರ್ಧ ಹಿಂದಿ ಎರಡೂ ಸೇರಿ ಮಾತು ಹೇಗೋ ಸಾಗಿತು. ವೀಡಿಯೊದಲ್ಲಿ ನಮ್ಮ ಕಣ ತೋರಿಸಿದೆ, ಅವಳು ಅವಳದ್ದು ತೋರಿಸಿದಳು. ಕಾಫಿಯ ಮಾತು ಆ ವಾರವೇ ಮುಗಿಯಿತು, ನಮ್ಮ ಮಾತು ಮುಗಿಯಲಿಲ್ಲ. ಅವಳ ಗಂಡ ಸತ್ತಾಗ ಅವಳು ಅತ್ತದ್ದನ್ನು ನಾನು ಆ ಸಣ್ಣ ಪರದೆಯಲ್ಲಿ ನೋಡಿದ್ದೇನೆ. ನನ್ನ ಗರ್ಭಕೋಶ ತೆಗೆದಾಗ ದಿನಾ ಫೋನ್ ಮಾಡಿ ಬೈದು ಊಟ ಮಾಡಿಸಿದವಳು ಅವಳು. ಒಡಹುಟ್ಟಿದವರು ನನಗೆ ಅಷ್ಟು ಮಾಡಿಲ್ಲ.

ಫೆಬ್ರವರಿ ಕೊನೆಗೆ ಅವಳ ಒಬ್ಬಳೇ ಮಗಳ ಮದುವೆ. ಹುಡುಗಿಯ ತಂದೆ ಇಲ್ಲ. “ಹಿಂದಿನ ದಿನ ಅಡುಗೆಮನೆಯಲ್ಲಿ ನನ್ನ ಪಕ್ಕ ನೀನು ಕೂರಬೇಕು, ಬೇರೆ ಯಾರು ಬಂದರೂ ಬರದಿದ್ದರೂ ನಡೆಯುತ್ತದೆ” ಎಂದಿದ್ದಳು. ಬರುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಮೈಲಿ ಇತ್ತಲ್ಲ, ಆ ಧೈರ್ಯದಲ್ಲಿ.

ಮೈಲಿ ಮೂರು ವರ್ಷದ ಹಿಂದೆಯೇ ಇಬ್ಬರಿಗೂ ಸಾಕಾಗುವಷ್ಟು ಇತ್ತು ಎಂಬುದು ನನ್ನ ಹೊಟ್ಟೆ ಇನ್ನೂ ಉರಿಸುವ ಸಂಗತಿ. ಆಗಲೇ ಹೋಗಿ ಬರೋಣ ಎಂದಿದ್ದೆ. ಇವರು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದು ನಮ್ಮ ಕಡೆಯವರಿಗೆ ಹೇಳದೆಯೇ ಅರ್ಥವಾಗುತ್ತದೆ, ಹೊರಗಿನವರಿಗೆ ಹೇಳಬೇಕು. ಇಲ್ಲಿ ಕಾಫಿಯನ್ನು ಕೊಯ್ದ ವರ್ಷವೇ ಕೊಡುತ್ತೇವೆ, ಮೆಣಸನ್ನು ಕೊಡುವುದಿಲ್ಲ. ಚೆನ್ನಾಗಿ ಒಣಗಿದ ಕರಿಮೆಣಸು ಎಷ್ಟು ವರ್ಷ ಇಟ್ಟರೂ ಕೆಡುವುದಿಲ್ಲ. ಅದಕ್ಕೆ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿ, ದರ ಏರಲಿ ಎಂದು ಕಾಯುತ್ತಾರೆ. ಏರಿದರೆ ಇನ್ನೂ ಏರಲಿ ಎಂದು ಕಾಯುತ್ತಾರೆ. ಅಟ್ಟದಲ್ಲಿ ಮೆಣಸು ಇದ್ದವನ ನಡಿಗೆಯೇ ಬೇರೆ. ಬೊಳ್ಳಪ್ಪನವರು ಮೈಲಿಯನ್ನೂ ಮೆಣಸು ಎಂದೇ ತಿಳಿದರು. “ಕೈಲಿ ಇರುದ್ ಎಲ್ಲಿಗೆ ಹೋದೆ? ಇರ್ಲಿ, ಇನ್ನೂ ಆಗ್ಲಿ. ಮುಂದಿನ ಸೀಟ್‌ಲಿ ಕುದ್ದ್‌ಕಂಡ್ ಹೋಕನ” ಎಂದರು. ಆದರೆ ನಮ್ಮ ಮೆಣಸು ಇರುವುದು ನಮ್ಮ ಅಟ್ಟದಲ್ಲಿ. ಮೈಲಿ ಇದ್ದದ್ದು ವಿಮಾನ ಕಂಪೆನಿಯವರ ಅಟ್ಟದಲ್ಲಿ, ಏಣಿಯೂ ಅವರ ಕೈಯಲ್ಲೇ ಇತ್ತು.

ಮಾರನೇ ದಿನ ಬೆಳಿಗ್ಗೆ ಆ ವಿಮಾನ ಕಂಪೆನಿಗೆ ಫೋನ್ ಮಾಡಿದೆ. ಒಂದು ಒತ್ತಿ, ನಾಲ್ಕು ಒತ್ತಿ, ಕನ್ನಡಕ್ಕೆ ಇನ್ನೊಂದು ಒತ್ತಿ. ಕೊಳಲು ನುಡಿಸಿದರು. ನಡುನಡುವೆ ‘ನೀವು ನಮಗೆ ಮುಖ್ಯ’ ಎಂದರು. ಒಂದು ಕಣ ಕಾಫಿ ಕೆದಕಿ ಮುಗಿಸುವಷ್ಟು ಹೊತ್ತು ನಾನು ಅವರಿಗೆ ಮುಖ್ಯವಾಗಿಯೇ ಇದ್ದೆ. ಆಮೇಲೆ ಒಬ್ಬಳು ಹುಡುಗಿ ಬಂದಳು, ಹೆಸರು ಕಾವ್ಯಶ್ರೀ ಎಂದಳು. ಹುಟ್ಟಿದ ದಿನ, ಕಾರ್ಡಿನ ಸಂಖ್ಯೆ ಎಲ್ಲ ಬೊಳ್ಳಪ್ಪನವರಿಂದ ಹೇಳಿಸಿಕೊಂಡು, ಮೇಡಂ ಜೊತೆ ಮಾತಾಡಬಹುದು ಎಂದು ಒಪ್ಪಿಗೆ ಪಡೆದು, ಲೆಕ್ಕ ಹಾಕಿ ನೋಡಿದಳು.

“ಮೇಡಂ, ಈ ಮೈಲಲ್ಲಿ ಮಂಗಳೂರಿಂದ ಬೆಂಗಳೂರಿಗೆ ಒಂದು ಟಿಕೆಟ್ ಆಗುತ್ತೆ.”

“ಬೆಂಗಳೂರಿಗೆ ನಾವು ಬಸ್ಸಲ್ಲಿ ಹೋಗ್ತೇವೆ. ನನಗೆ ಹೋಗಬೇಕಾದದ್ದು ನಾಗಾಲ್ಯಾಂಡಿನ ದಿಮಾಪುರಕ್ಕೆ.”

“ಆಗಲ್ಲ ಮೇಡಂ. ಬೇಡ ಅಂದ್ರೆ ಕ್ಯಾಟಲಾಗಲ್ಲಿ ಗಿಫ್ಟ್ ತಗೋಬೋದು. ಟ್ರಾಲಿ ಬ್ಯಾಗ್ ಖಾಲಿ ಆಗಿದೆ. ಕಾಫಿ ಹ್ಯಾಂಪರ್ ಇದೆ.”

“ಎಲ್ಲಿಯ ಕಾಫಿ?”

ಅವಳು ಸ್ವಲ್ಪ ತಡೆದಳು. “ಕೂರ್ಗಿನದು ಮೇಡಂ. ಮಂಜಿನ ಬೆಟ್ಟಗಳಿಂದ ಅಂತ ಬರ್ದಿದೆ. ಅರ್ಧ ಕೆಜಿ.”

ಎದುರಿಗೆ ಕಣದ ತುಂಬಾ ಕಾಫಿ ಹರಡಿತ್ತು. ನಾನು ಏನು ಹೇಳಿದೆನೋ ಎಲ್ಲವನ್ನೂ ಇಲ್ಲಿ ಬರೆಯುವಂತಿಲ್ಲ. ದೂರ ಲೈನಿನ ಬಾಗಿಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ತಿಕ್ಕುವುದನ್ನು ಬಿಟ್ಟು ಎದ್ದು ನಿಂತಳು. ಹುಡುಗಿ ಒಂದು ಮಾತೂ ಎದುರಾಡದೆ ಕೇಳಿಸಿಕೊಂಡಳು. ಕೊನೆಗೆ ದನಿ ತಗ್ಗಿಸಿ ಹೇಳಿದಳು.

“ನಮ್ದೂ ಕೊಡಗೇ ಮೇಡಂ, ಶಿರಂಗಾಲ. ನಮ್ಮಪ್ಪನೂ ಹಿಂಗೇ ರೇಟ್ ಬರ್ಲಿ ಅಂತ ಶುಂಠಿ ಕೀಳ್ದೆ ಮಣ್ಣಲ್ಲೇ ಬಿಟ್ಟಿದ್ರು. ಮಳೆ ಬಂದು ಎಲ್ಲ ಕೊಳ್ತೋಯ್ತು. ನಂಗೆ ಅರ್ಥ ಆಗುತ್ತೆ.”

“ಶುಂಠಿ ಕೊಳೆಸಿದ್ದು ಮಳೆ ಮಗಳೇ. ಇದನ್ನು ಕೊಳೆಸಿದ್ದು ಯಾರು?”

“ಅದಕ್ಕೆ ಉತ್ತರ ಬರ್ದು ಕೊಟ್ಟಿಲ್ಲ ಮೇಡಂ ನಮ್ಗೆ.”

ಅವಳ ಮೇಲೆ ನನಗೆ ಸಿಟ್ಟು ನಿಲ್ಲಲಿಲ್ಲ. ಸಿಟ್ಟು ಯಾರ ಮೇಲೆ ಮಾಡಬೇಕೋ ಅವರು ಫೋನ್ ಎತ್ತುವುದೇ ಇಲ್ಲ. ಬೈಸಿಕೊಳ್ಳಲು ಶಿರಂಗಾಲದ ಹುಡುಗಿಯನ್ನು ಕೂರಿಸಿ ಅವರು ತಣ್ಣಗೆ ಇರುತ್ತಾರೆ.

ಹೀಗೆ ಕಳೆದುಕೊಂಡವರದ್ದೇ ಒಂದು ಗುಂಪು ಫೇಸ್‌ಬುಕ್ಕಿನಲ್ಲಿತ್ತು. ಅಲ್ಲಿ ಒಬ್ಬ ಬೆಂಗಳೂರಿನವನು ವಿಮಾನ ನಿಲ್ದಾಣದ ಲೌಂಜಿನ ಬಿಟ್ಟಿ ಊಟ ಹೋಯಿತೆಂದು ಕೂಗಾಡುತ್ತಿದ್ದ. ಒಬ್ಬಳಿಗೆ ಸಿಂಗಾಪುರಕ್ಕೆ ಕಾಲು ಚಾಚಿ ಹೋಗುವ ಸೀಟು ತಪ್ಪಿತ್ತು. ಇನ್ನೊಬ್ಬ ಕೋರ್ಟಿಗೆ ಹೋಗುತ್ತೇನೆ ಎನ್ನುತ್ತಿದ್ದ. ಮೊದಲು ನಗು ಬಂತು, ಆಮೇಲೆ ಅವರ ಸಿಟ್ಟೂ ನನ್ನ ಸಿಟ್ಟೇ ಅನ್ನಿಸಿತು. ನಾನೂ ಕನ್ನಡದಲ್ಲಿ ಬರೆದೆ: ‘ನಿಮ್ಮ ಗೋದಾಮಿನಲ್ಲಿ ನಾನು ಒಂದು ಕ್ವಿಂಟಾಲ್ ಮೆಣಸು ಇಟ್ಟಿದ್ದೇನೆ. ತಿರುಗಿ ಕೇಳುವಾಗ, ಇವತ್ತಿನಿಂದ ಕ್ವಿಂಟಾಲ್ ಎಂದರೆ ನಲವತ್ತು ಕಿಲೋ ಎನ್ನುತ್ತೀರಿ. ನಮ್ಮ ಪೇಟೆಯಲ್ಲಿ ಹಾಗೆ ಹೇಳಿದ ವ್ಯಾಪಾರಿ ಮಾರನೇ ದಿನ ಅಂಗಡಿ ತೆರೆಯಲಾರ.’ ಬೆಳಗಾಗುವುದರೊಳಗೆ ನೂರಾರು ಜನ ಹೌದೆಂದಿದ್ದರು. ಒಬ್ಬ ಮಾತ್ರ, ‘ಆಂಟಿ, ಷರತ್ತು ಓದಿಲ್ವಾ? ಯಾವಾಗ ಬೇಕಾದರೂ ಬದಲಾಯಿಸಬಹುದು ಅಂತ ಮೊದಲೇ ಬರೆದಿದ್ದಾರೆ’ ಎಂದ. ಮೊದಲೇ ಬರೆದಿಟ್ಟು ಮಾಡಿದರೆ ಮೋಸ ಮೋಸವಲ್ಲವೇನೋ. ಕಂಪೆನಿಯವರೂ ಬಂದು, ‘ನಿಮ್ಮ ಅಭಿಪ್ರಾಯ ಅಮೂಲ್ಯ’ ಎಂದು ಕೈಮುಗಿದ ಚಿತ್ರ ಹಾಕಿ ಹೋದರು.

ಇದನ್ನೆಲ್ಲ ನೋಡಿ ಬೊಳ್ಳಪ್ಪನವರಿಗೆ ಮತ್ತೆ ಜೀವ ಬಂತು.

“ತಡಿ ತಂಗಮ್ಮ. ಎಲ್ಲವೂ ಬೈತಾ ಒಳೊ. ಹೆದರಿ ವಾಪಸ್ ಮೊದ್ಲಿನ ಹಂಗೆ ಮಾಡುವ. ಸ್ವಲ್ಪ ಕಾಯಕನ.”

ಕಾಯೋಣ ಎಂಬ ಆ ‘ಕಾಯಕನ’ ಕೇಳಿದ್ದೇ ತಡ, ನನ್ನ ತಲೆಯಲ್ಲಿ ಏನೋ ಕಡಿದುಹೋಯಿತು. ಹಿಂದಿನ ಕೋಣೆಯಿಂದ ಏಣಿ ತಂದು ಅಟ್ಟಕ್ಕೆ ಒರಗಿಸಿ ಹತ್ತಿದೆ. ಮೂರು ವರ್ಷದ ಮೆಣಸಿನ ಮೂಟೆಗಳ ನಡುವೆ ಬಗ್ಗಿ ನಿಂತು, ಮಡಿಕೇರಿಯ ಮೆಣಸಿನ ವ್ಯಾಪಾರಿ ಚೇತನ್‌ಕುಮಾರನಿಗೆ ಫೋನ್ ಮಾಡಿದೆ.

“ಇವತ್ತು ಗಾಡಿ ಕಳಿಸಿ. ಹಳೇ ಮೆಣಸು ಕೊಡ್ತೇನೆ” ಎಂದೆ.

“ಅಕ್ಕ, ಬೊಳ್ಳಪ್ಪಣ್ಣ ಒಪ್ಪಿದ್ರಾ?” ಅವನಿಗೆ ನಂಬಿಕೆ ಬರಲಿಲ್ಲ.

“ಅಣ್ಣ ಕೆಳಗೆ ನಿಂತಿದ್ದಾರೆ. ಮೇಲೆ ಇರುವವಳು ನಾನು. ಗಾಡಿ ಕಳಿಸಿ.”

ಬೊಳ್ಳಪ್ಪನವರು ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದರು. “ದರ ಇನ್ನೂ ಏರುವ ಟೈಮ್ ಇದ್. ಈಗ ಕೊಟ್ಟರೆ ನಷ್ಟ” ಎಂದರು.

“ದರ ಮುಂದಿನ ವರ್ಷನೂ ಏರ್ದು. ರೆನ್ಬೆನಿ ಮಗ್ಳ್ ಮುಂದಿನ ವರ್ಷ ಇನ್ನೊಂದ್ಸಲ ಮದುವೆ ಆದುಲ್ಲೆ” ಎಂದೆ. “ನೀವು ಕೂಡಿಟ್ಟದ್ದ್ ನಂಗೆ ಅಂತ ತಿಳ್ಕಂಡಿದ್ದೆ. ನೀವು ಕೂಡಿಟ್ಟದ್ದ್ ಬರೀ ಕೂಡಿಡಿಕೆ.”

ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಹೆಗಲು ಕೊಟ್ಟರು. ನಾನು ನೂಕಿದ ಮೂಟೆಗಳನ್ನು ಒಂದೊಂದಾಗಿ ಇಳಿಸಿದರು. ಕಣ್ಣು ಕೆಂಪಾಗಿತ್ತು. ಮೆಣಸಿನ ಧೂಳಿಗೋ ಏನೋ.

ದಿಮಾಪುರದವರೆಗೂ ಒಂದೇ ಟಿಕೆಟಿನಲ್ಲಿ ಹೋಗುವುದು ಕಾಂಚನ ಏರ್ ಒಂದೇ. ಮೋಸ ಮಾಡಿದವರಿಗೇ ಮತ್ತೆ ದುಡ್ಡು ಸುರಿಯಬೇಕಾಗಿ ಬಂದದ್ದು ನನಗೆ ಇವತ್ತಿಗೂ ಸಂಕಟ. ಟಿಕೆಟ್ ಒಂದೇ ತೆಗೆದೆ. ಪಿಕ್ಕಿಂಗ್ ಮುಗಿದಿರಲಿಲ್ಲ, ಆಳುಗಳ ಜೊತೆ ಒಬ್ಬರು ಇರಲೇಬೇಕು. ಇಷ್ಟು ವರ್ಷ ಆ ಒಬ್ಬರು ನಾನಾಗಿದ್ದೆ. “ಈ ಸಲ ಕಣ ನೀವು ನೋಡಿಕಣಿ” ಎಂದೆ. ಅವರು ತಲೆಯಾಡಿಸಿದರು.

ಹೊರಡುವ ದಿನ ಮಂಗಳೂರಿನವರೆಗೂ ಅವರೇ ಜೀಪಿನಲ್ಲಿ ಬಿಟ್ಟರು. ನನ್ನ ಬ್ಯಾಗಿನಲ್ಲಿ ಒಂದು ರೇಷ್ಮೆ ಸೀರೆ, ಮಾರದೆ ಉಳಿಸಿಕೊಂಡ ಎರಡು ಕಿಲೋ ಮೆಣಸು, ಒಂದು ಬಾಟಲಿ ಜೇನು ಇದ್ದವು. ನಿಲ್ದಾಣದ ಬಾಗಿಲಲ್ಲಿ ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಅಷ್ಟು ಸಲ ಎದೆ ಸೆಟೆಸಿ ಹೋಗಿದ್ದ ಬಾಗಿಲಿನ ಹೊರಗೆ ಅವರು ನಿಂತರು. ಪರ್ಸು ತೆಗೆದು ಆ ಚಿನ್ನದ ಬಣ್ಣದ ಕಾರ್ಡನ್ನು ನನ್ನ ಕೈಗೆ ಕೊಟ್ಟರು.

“ಇದ್ನ ತೋರ್ಸ್. ಸಾಲ್‌ಲಿ ನಿಲ್ಲುದ್ ಬೊತ್ತು. ಕೆಂಪು ಹಾಸ್‌ನ ಕಡೆಲಿ ಬಿಟ್ಟವೆ” ಎಂದರು.

ಈ ಕಾರ್ಡಿಗೆ ಈಗ ಕೆಂಪು ಹಾಸೂ ಇಲ್ಲ, ಎಲ್ಲರ ಹಾಗೆ ಸಾಲಿನಲ್ಲೇ ನಿಲ್ಲಬೇಕು ಎಂದು ಅದೇ ಇಮೇಲಿನಲ್ಲಿ ಬರೆದಿತ್ತು. ಅವರು ಅಷ್ಟು ಕೆಳಗೆ ಓದಿರಲಿಲ್ಲ. ಒಬ್ಬ ಮನುಷ್ಯ ಕೆಲಸ ಮಾಡಿ, ಹಾರಿ, ದಣಿದು ಸಂಪಾದಿಸಿದ ಒಂದೇ ಒಂದು ದೊಡ್ಡಸ್ತಿಕೆಯನ್ನು ಎಲ್ಲೋ ಕೂತವರು ಒಂದು ಗುಂಡಿ ಒತ್ತಿ ಅಳಿಸಿದ್ದರು. ಇಷ್ಟು ದಿನ ನನ್ನ ಟಿಕೆಟಿಗಾಗಿ ಸಿಟ್ಟು ಮಾಡಿದ್ದೆ, ಆ ಬಾಗಿಲಲ್ಲಿ ಮೊದಲ ಸಲ ಅವರಿಗಾಗಿ ಸಿಟ್ಟು ಬಂತು. ಕಾರ್ಡು ತೆಗೆದುಕೊಂಡು, ಆಯಿತು ಎಂದು ಒಳಗೆ ನಡೆದು, ಅವರಿಗೆ ಕಾಣದ ಹಾಗೆ ಕಂಬದ ಆಚೆ ಹೋಗಿ ಉದ್ದನೆಯ ಸಾಲಿನಲ್ಲಿ ನಿಂತೆ.

ಕೌಂಟರಿನಲ್ಲಿದ್ದ ಹುಡುಗಿ ಬ್ಯಾಗಿಗೆ ಚೀಟಿ ಕಟ್ಟಿ, ಚೆಂದವಾಗಿ ನಕ್ಕು ಕೇಳಿದಳು. “ನಮ್ಮ ಕಾಂಚನ ಬಳಗಕ್ಕೆ ಸೇರ್ತೀರಾ ಮೇಡಂ? ಫ್ರೀ. ಪ್ರತಿ ಸಲ ಹೋದಾಗಲೂ ಮೈಲ್ಸ್ ಬರ್ತದೆ. ಹಾಗೇ ಕೂಡಿಡಬಹುದು.”

ನಾನು ಗಂಡನ ಕಾರ್ಡನ್ನು ಅವಳ ಮುಂದೆ ಇಟ್ಟೆ.

“ಇದನ್ನು ನಿಮ್ಮ ದೊಡ್ಡವರಿಗೆ ಕೊಡು. ಅಟ್ಟದ ಮೇಲೆ ಇಟ್ಟುಕೊಂಡು ಕಾಯಲಿ” ಎಂದೆ. “ದರ ಏರಬಹುದು.”