ಯಮನ ಬಾಗಿಲಿಗೆ ಕೀಲಿ

ನನ್ನ ಗಂಡ ಮಹಾರುದ್ರಪ್ಪನಿಗೆ ಬಸವಕಲ್ಯಾಣದ ಪೇಟೆಯಲ್ಲಿ ಸೀರೆ ಅಂಗಡಿ ಇದೆ, ತಲೆಯಲ್ಲಿ ಮಾತ್ರ ಏನೂ ಇಲ್ಲ. ನಾಲ್ಕು ವರ್ಷದ ಹಿಂದೆ ಹುಲಸೂರಿನ ವಾಸ್ತು ಪಂಡಿತನೊಬ್ಬ ಬಂದು, ಅಂಗಡಿಯ ಹಿಂಬಾಗಿಲು ದಕ್ಷಿಣಕ್ಕಿದೆ, ಅದು ಯಮನ ದಿಕ್ಕು ಎಂದ. ಇವರು ಅಂದೇ ಕೀಲಿ ಜಡಿದು, ಅಡ್ಡಲಾಗಿ ರಟ್ಟಿನ ಡಬ್ಬಿಗಳನ್ನು ಸೂರಿನವರೆಗೆ ಪೇರಿಸಿದರು. ಯಮನಿಗೆ ನಮ್ಮಲ್ಲಿ ಇಳಕಲ್ ಸೀರೆ ಕೊಳ್ಳುವ ಕೆಲಸವೇನಿತ್ತೋ!

ಆ ಹಿಂದಿನ ಕೋಣೆಯಲ್ಲೇ ಸೀರೆಗೆ ಫಾಲ್ ಹೊಲಿಯುವ ವಜೀರಬಿ ಕೂರುತ್ತಾಳೆ. ಕಿಟಕಿಗೆ ಕಬ್ಬಿಣದ ಸರಳು. ಉಳಿದದ್ದು ಅಂಗಡಿಯೊಳಗೆ ತೆರೆಯುವ ಬಾಗಿಲೊಂದೇ. ಅದರ ಪಕ್ಕದ ಒಂದೇ ಬೋರ್ಡಿಗೆ ಇಸ್ತ್ರಿ, ಫ್ಯಾನು, ಮಷಿನು ಎಲ್ಲವನ್ನೂ ಸಿಕ್ಕಿಸಿದ್ದರು. ಹೋದ ವಾರ ಅದು ಚಟ್ಟೆಂದು ಕಿಡಿ ಹಾರಿಸಿ ವೈರು ಸುಟ್ಟು ನಾರಿತು. ವಜೀರಬಿ ಹೊರಗೆ ಓಡಿಬಂದಳು. ಇವರು ಟೇಪು ಸುತ್ತಿ ಕೈ ತೊಳೆದುಕೊಂಡರು.

"ಅಲ್ಲೇ ಬೆಂಕಿ ಹತ್ತಿದ್ರ ಆಕಿ ಎಲ್ಲಿಂದ ಹೊರಗ ಬರಬೇಕ್ರಿ?" ಎಂದೆ.

"ದಕ್ಷಿಣದ ಬಾಗಲಾ ತೆಗದ್ರ ಧಂದೆ ಮುಳಗತದ. ಸುಮ್ಮಕಿರು."

ಕೋಣನ ಮುಂದೆ ಕಿನ್ನರಿ ಬಾರಿಸಿ ನನಗೂ ಸಾಕಾಗಿತ್ತು. ಆ ಬೋರ್ಡನ್ನು ಕಿತ್ತು ಬಿಸಾಡಿದೆ. ಬಾಗಿಲಿಗೆ ಬೇರೆ ಮದ್ದೇ ಬೇಕಿತ್ತು.

ಗುರುವಾರ ಬೆಳಿಗ್ಗೆ ಫಕೀರ ಜಲಾಲುದ್ದೀನ್ ಅಂಗಡಿ ಅಂಗಡಿಗೂ ಲೋಬಾನದ ಹೊಗೆ ಹಾಕುತ್ತಾ ಬರುತ್ತಾನೆ. ದೇವರು ಯಾರೇ ಇರಲಿ, ವ್ಯಾಪಾರಕ್ಕೆ ಬರಕತ್ತು ತರುವ ಆ ಹೊಗೆ ಬೀಳದೆ ನಮ್ಮ ಸಾಲಿನಲ್ಲಿ ಯಾರೂ ಬೋಣಿ ಮಾಡುವುದಿಲ್ಲ. ಇವರು ಡಬ್ಬಿ ತರಲು ಹಿಂದಿನ ಕೋಣೆಗೆ ಹೋದದ್ದೇ ತಡ, ವಜೀರಬಿಯನ್ನು ಹೊರಗೆ ಕರೆದು ಚಿಲಕ ಹಾಕಿದೆ. ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡೆ.

"ಚಾಚಾ, ಇವತ್ತ ಬರಕತ್ತು ಪೂರಾ ಒಳಗ ಬಿಡ್ರಿ."

ಜಲಾಲುದ್ದೀನ್ ನಗುತ್ತಾ ಕೆಂಡಕ್ಕೆ ಹಿಡಿ ಲೋಬಾನ ಸುರಿದು, ಬಾಗಿಲ ಸಂದಿನಲ್ಲಿ ಬೀಸತೊಡಗಿದ. ಒಳಗೆ ಕೆಮ್ಮು, ಆಮೇಲೆ ಗುದ್ದು.

"ಶಕುಂತಲಾ, ಬೆಂಕಿ ಹತ್ಯಾದ! ಬಾಗಲಾ ತೆಗಿ!"

"ಹಿಂದಿಂದ ಹೋಗ್ರಿ."

"ಅದಕ ಕೀಲಿ ಅದ!"

"ಯಾರು ಹಾಕ್ಯಾರ್ರಿ?"

ಬಸವಣ್ಣ, ಮಾಣಿಕಪ್ರಭು, ನನ್ನ ಸತ್ತ ಅತ್ತೆ, ಎಲ್ಲರನ್ನೂ ಕೂಗಿದರು. ಚಿಲಕ ತೆಗೆದಾಗ ಇವರ ಕಣ್ಣು ಮೂಗು ಒಂದಾಗಿತ್ತು. ಬರೀ ಲೋಬಾನದ ಕೆಂಡ ನೋಡಿ ಸಿಟ್ಟು ನೆತ್ತಿಗೇರಿತು. ನನಗೋ ನಗು ತಡೆಯಲಾಗಲಿಲ್ಲ.

"ಎರಡ ನಿಮಿಷದಾಗ ನನ್ನ ಜೀವಾ ಹೋಗಿತ್ತು, ಗೊತ್ತದನು?" ಎಂದು ಒದರಿದರು.

ವಜೀರಬಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಾ ನಾಕ ವರ್ಷದಿಂದ ಅಲ್ಲೇ ಕುಂತೀನ್ರಿ, ಸಾವ್ಕಾರ್ರ."

ನನ್ನ ನಗು ಅಲ್ಲಿಗೇ ನಿಂತಿತು. ಇವರು ಮುಖ ಒರೆಸಿಕೊಂಡು ಒಳಗೆ ಹೋಗಿ, ಹಿಂಬಾಗಿಲಿಗೆ ಅಡ್ಡವಿದ್ದ ಡಬ್ಬಿಗಳನ್ನು ಒಂದೊಂದಾಗಿ ಇಳಿಸತೊಡಗಿದರು.