ಹೂಂ ಅನ್ನುವ ಕೆಲಸ

ಹಳೆ ವಿದ್ಯಾರ್ಥಿಗಳು ನಮ್ಮ ಶಾಲೆಗೆ ಅಷ್ಟು ದೊಡ್ಡ ಟಿವಿ ಕೊಟ್ಟ ದಿನವೇ ನನ್ನ ಎಡಗಣ್ಣು ಅದುರಬೇಕಿತ್ತು. ಅದುರಲಿಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ನಾನೇ. ಮುಂದಿನ ವಾರ ಮುಖ್ಯ ಶಿಕ್ಷಕಿ ಜಸೀನಾ ಟೀಚರ್ ನನ್ನನ್ನು ಆಫೀಸಿಗೆ ಕರೆದರು.

“ತೀರ್ಥರಾಮ ಸರ್, ಪುತ್ತೂರಲ್ಲಿ ಎರಡು ದಿನ ಟ್ರೈನಿಂಗ್ ಉಂಟು. ಡಿಜಿಟಲ್ ಆಗಿ ಕಥೆ ಹೇಳುದು ಹೇಗೆ ಅಂತ. ನಿಮ್ಮ ಹೆಸರು ಕೊಟ್ಟಿದ್ದೇನೆ.”

“ಕಥೆ ಹೇಳ್ಲಿಕ್ಕೆ ನನಗೆ ಟ್ರೈನಿಂಗಾ ಟೀಚರ್?”

ಮಾತಿನಲ್ಲಿ ಸ್ವಲ್ಪ ಅಹಂಕಾರವಿತ್ತು, ಇರಲಿ. ಶುಕ್ರವಾರದ ಕೊನೆಯ ಪೀರಿಯಡ್‌ನಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿಕೊಂಡು ನಾನು ಕಥೆ ಹೇಳುತ್ತೇನೆ. ವಾರದ ಉಳಿದ ಪೀರಿಯಡ್‌ಗಳನ್ನು ನಾನು ಸಹಿಸಿಕೊಳ್ಳುವುದೇ ಆ ಒಂದಕ್ಕಾಗಿ.

“ಆರನೇ ಕ್ಲಾಸಿನ ಗಣಿತಕ್ಕೆ ಜನ ಇಲ್ಲ ಸರ್,” ಎಂದರು ಟೀಚರ್. “ಶುಕ್ರವಾರ ಟಿವಿಯಲ್ಲಿ ರೆಡಿ ಕಥೆ ಹಾಕಿದರೆ ಆ ಹೊತ್ತಿಗೆ ನೀವು ಸಿಗ್ತೀರಿ. ಆದರೂ ನಿಮಗೆ ಬೇಜಾರಾಗುದು ಬೇಡ. ಟಿವಿಗೆ ಹಾಕುವಂಥ ಕಥೆ ನೀವೇ ಮಾಡಿ ತನ್ನಿ. ಮಕ್ಕಳು ಕೂತು ನೋಡಿದರೆ ಪೀರಿಯಡ್ ನಿಮ್ಮದೇ.”

ನನಗೂ ಭಿನ್ನರಾಶಿಗೂ ಚಿಕ್ಕಂದಿನಿಂದ ಮಾತುಕತೆಯಿಲ್ಲ. ತೆಪ್ಪಗೆ ಪುತ್ತೂರಿನ ಬಸ್ಸು ಹತ್ತಿದೆ.

ತರಬೇತಿ ಕೊಡಲು ಬಂದಿದ್ದ ಲತೀಶ್ ಎಂಬ ಹುಡುಗ ಒಳ್ಳೆಯವನೇ. ಆದರೆ ಅವನ ಬಾಯಲ್ಲಿ ‘ಬೇಡಿ’ಗಳೇ ಹೆಚ್ಚು. ಕೈ ಬೀಸಬೇಡಿ. ಅತ್ತಿತ್ತ ನಡೆಯಬೇಡಿ. ಒಂದು ಸ್ಲೈಡಿನಲ್ಲಿ ಊರ ಪುರಾಣವನ್ನೆಲ್ಲ ತುಂಬಬೇಡಿ. ಇದು ನನಗೇ ಹೇಳಿದ್ದು. ನನ್ನ ಮೊದಲ ಸ್ಲೈಡಿನಲ್ಲಿ ಇಡೀ ಕಥೆ ಹಿಡಿಸಿತ್ತು, ಅಕ್ಷರಗಳು ಮಾತ್ರ ಇರುವೆಯಷ್ಟಾಗಿದ್ದವು.

“ಕ್ಯಾಮೆರಾವನ್ನು ನಿಮ್ಮ ಪ್ರೀತಿಯ ವಿದ್ಯಾರ್ಥಿ ಅಂತ ತಿಳ್ಕೊಳ್ಳಿ ಸರ್,” ಎಂದ.

“ನನ್ನ ಯಾವ ವಿದ್ಯಾರ್ಥಿಯೂ ಇಷ್ಟು ಸುಮ್ಮನೆ ಕೂತದ್ದಿಲ್ಲ ಮಾರಾಯ್ರೆ.”

ಆದರೂ ಶುರು ಮಾಡಿದೆ. “ಜಾಲ್ಸೂರಿನಲ್ಲಿ ಒಂದು ಮಂಗ ಕಾಸರಗೋಡಿನ ಬಸ್ಸು ಹತ್ತಿತು.” ಅಷ್ಟು ಹೇಳಿ ನಿಲ್ಲಿಸಿದೆ. ಹಾಲಿನಲ್ಲಿದ್ದ ಶಿಕ್ಷಕರೆಲ್ಲ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

“ಮುಂದೆ ಸರ್?” ಎಂದ ಲತೀಶ್.

“ಯಾರೂ ಹೂಂ ಅನ್ನಲಿಲ್ಲವಲ್ಲ.”

ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ನಮ್ಮ ಅಜ್ಜಿ ಕಥೆ ಹೇಳುವಾಗ ಸಾಲಿಗೊಂದು ಹೂಂ ಬೀಳಬೇಕಿತ್ತು. ಬೀಳದಿದ್ದರೆ ರಾಜಕುಮಾರಿ ಬಾವಿಯೊಳಗೆ ನೇತಾಡುತ್ತಿದ್ದರೂ ಸರಿಯೇ, ಅಜ್ಜಿ ಮಗ್ಗುಲಾಗಿ ಮಲಗಿಬಿಡುತ್ತಿದ್ದರು. ನನ್ನ ಕ್ಲಾಸಿನ ಮಕ್ಕಳಿಗೂ ಅದೇ ಅಭ್ಯಾಸ ಮಾಡಿಸಿದ್ದೇನೆ. ಹೂಂ ಇಲ್ಲದೆ ನನ್ನ ನಾಲಗೆ ಮುಂದೆ ಹೊರಳುವುದಿಲ್ಲ.

“ಮನೆಯಲ್ಲಿ ಯಾರನ್ನಾದರೂ ಫೋನಿನ ಹಿಂದೆ ಕೂರಿಸಿಕೊಂಡು ರೆಕಾರ್ಡ್ ಮಾಡಿ ತನ್ನಿ ಸರ್, ನಾಳೆ ಸರಿ ಮಾಡುವಾ,” ಎಂದು ಲತೀಶ್ ಕೈ ಮುಗಿದ.

ಮನೆಯಲ್ಲಿ ಇರುವವಳು ಲೋಲಾಕ್ಷಿ, ನನ್ನ ಹೆಂಡತಿ. ಅವಳು ಬಸಳೆ ಸೋಸುತ್ತಿದ್ದಳು. ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿ, ಅದರ ಹಿಂದೆ ಅವಳನ್ನು ಕೂರಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು “ಹೂಂ” ಎಂದಳು.

“ನಾನಿನ್ನೂ ಎಂತದೂ ಹೇಳಲಿಲ್ಲ ಮಾರಾಯ್ತಿ!”

“ಹೌದಾ? ಅಭ್ಯಾಸ.”

ಎರಡನೆಯ ಸಲ ಹೂಂ ಆಕಳಿಕೆಯ ಜೊತೆ ಬಂತು. ಮೂರನೆಯ ಸಲ ಮಂಗ ಬಸ್ಸು ಹತ್ತಿದ್ದೇ ತಡ, “ಅದಕ್ಕೆ ಟಿಕೆಟ್ ಉಂಟಾ?” ಎಂದು ಕೇಳಿದಳು. ಪ್ರಶ್ನೆ ಬೇಡ, ಹೂಂ ಮಾತ್ರ ಸಾಕು ಎಂದೆ. ಅವಳ ಮುಖ ಸ್ವಲ್ಪ ಸಪ್ಪೆಯಾಯಿತು. ಆದರೆ ನಾಲ್ಕನೆಯ ಸಲ ಚೆಂದದ ಹೂಂ ಹಾಕಿದಳು. ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು. ನನಗೆ ಕಥೆ ಹರಿದು ಬಂತು.

ಮರುದಿನ ಲತೀಶ್ ಆ ವೀಡಿಯೋಗೆ ಬಸ್ಸಿನ ಚಿತ್ರ ಹಾಕಿದ, ಮಂಗಕ್ಕೆ ಟೊಪ್ಪಿ ಹಾಕಿದ. ಕೊನೆಗೆ, “ಹಿಂದಿನ ಸದ್ದು ತೆಗೆಯುವಾ” ಎಂದು ಒಂದು ಗುಂಡಿ ಒತ್ತಿದ. ಫ್ಯಾನಿನ ಗರಗರ ಹೋಯಿತು, ಪಕ್ಕದ ಮನೆಯ ನಾಯಿ ಹೋಯಿತು, ಲೋಲಾಕ್ಷಿಯೂ ಹೋದಳು. ಹೂಂ ಇದ್ದಲ್ಲೆಲ್ಲ ನಾನು ಬಾಯಿ ಮುಚ್ಚಿಕೊಂಡು, ಹುಬ್ಬೇರಿಸಿ, ಯಾರಿಗೋ ಕಾಯುತ್ತ ಕೂತಿದ್ದೆ.

“ಖಾಲಿ ಜಾಗ ಕತ್ತರಿಸಲಿಕ್ಕೆ ಈಗ ಟೈಮಿಲ್ಲ ಸರ್, ನೀವೇ ಕತ್ತರಿಸಿ,” ಎಂದ. ಅದು ನನಗೆ ಬರುವ ವಿದ್ಯೆಯಲ್ಲ.

ಮನೆಗೆ ಬಂದು ಲೋಲಾಕ್ಷಿಗೆ ತೋರಿಸಿದೆ. ಅವಳು ಕೊನೆಯವರೆಗೂ ನೋಡಿದಳು.

“ನನ್ನ ಹೂಂ ಎಲ್ಲಿ?”

“ಅದು... ಫ್ಯಾನು, ನಾಯಿ ಎಲ್ಲ ತೆಗೆಯುವಾಗ ಒಟ್ಟಿಗೆ ಹೋಯ್ತು.”

“ಹಾಗಾದ್ರೆ ನಾನು ನಾಯಿಯ ಲೆಕ್ಕಕ್ಕಾ?”

ಅಂದು ಊಟಕ್ಕೆ ಬಸಳೆ ಸಾರಿತ್ತು, ಮಾತಿರಲಿಲ್ಲ. ನನಗೆ ನಿಜಕ್ಕೂ ಕೆಟ್ಟದೆನಿಸಿತು. ಆದರೆ ಮರುದಿನ ಶುಕ್ರವಾರ. ನನ್ನ ತಲೆಯ ತುಂಬ ಭಿನ್ನರಾಶಿಯೇ ಕುಣಿಯುತ್ತಿತ್ತು.

ಶುಕ್ರವಾರ ಕೊನೆಯ ಪೀರಿಯಡ್‌ಗೆ ಜಸೀನಾ ಟೀಚರ್ ತಾವೇ ರಿಮೋಟ್ ಹಿಡಿದುಕೊಂಡು ಬಂದರು. ನಾನು ಬಾಗಿಲ ಬಳಿ ಅಪರಾಧಿಯ ಹಾಗೆ ನಿಂತೆ. ಟಿವಿಯಲ್ಲಿ ಇನ್ನೊಬ್ಬ ನಾನು, ನನಗಿಂತ ಮೂರು ಪಟ್ಟು ದೊಡ್ಡವನು, ಹೇಳಿದ: “ಜಾಲ್ಸೂರಿನಲ್ಲಿ ಒಂದು ಮಂಗ ಕಾಸರಗೋಡಿನ ಬಸ್ಸು ಹತ್ತಿತು.” ಹೇಳಿ ಹುಬ್ಬೇರಿಸಿದ. ಸದ್ದಿಲ್ಲ. ನಾನು ಮಕ್ಕಳ ಮುಖ ನೋಡಿದೆ.

“ಹೂಂ!” ಎಂದರು ಮಕ್ಕಳೆಲ್ಲ ಒಟ್ಟಿಗೆ.

ಟಿವಿಯೊಳಗಿನವನು ತೃಪ್ತನಾಗಿ ಮುಂದೆ ಹೋದ. ಮತ್ತೆ ನಿಂತ. ಮತ್ತೆ ಹೂಂ. ಖಾಲಿ ಜಾಗಗಳೆಲ್ಲ ತುಂಬಿಕೊಂಡವು. ಖುಷಿಗೆ ನಾನು ಬಾಗಿಲ ಚಿಲಕವನ್ನೇ ಬಿಗಿಯಾಗಿ ಹಿಡಿದುಕೊಂಡೆ.

“ಎಂಥ ಐಡಿಯಾ ಸರ್!” ಟೀಚರ್ ನನ್ನ ಬಳಿ ಬಂದು ಪಿಸುಗುಟ್ಟಿದರು. “ಪೀರಿಯಡ್ ನಿಮ್ಮದೇ ಅಂದಿದ್ದೆ, ಆದರೆ ಇದು ಅದರಷ್ಟಕ್ಕೆ ಅದೇ ನಡೀತದೆ, ನೀವು ಬೇಕೂಂತಲೇ ಇಲ್ಲ. ಮುಂದಿನ ವಾರದಿಂದ ನೀವು ಆರನೇ ಕ್ಲಾಸಿಗೆ ಹೋಗ್ಬಹುದು.”

ಅಂದರೆ ನನ್ನ ಕೆಲಸ ಕಿತ್ತುಕೊಂಡವನು ನಾನೇ! ಆ ಟೊಪ್ಪಿಯ ಮಂಗನನ್ನೂ, ಅದರ ಪಕ್ಕ ಹಲ್ಲು ಕಿರಿಯುತ್ತಿದ್ದ ನನ್ನನ್ನೂ ನೋಡಿ ಮೈ ಉರಿಯಿತು.

ಅಷ್ಟರಲ್ಲಿ ಎರಡನೇ ಕ್ಲಾಸಿನ ಜುಮಾನಾ ಎದ್ದು ನಿಂತಳು. “ಸರ್, ಮಂಗ ಟಿಕೆಟ್ ತೆಕ್ಕೊಂಡಿತಾ?”

ಕೇಳಿದ್ದು ಟಿವಿಯನ್ನು. ಟಿವಿಯವನು ಗಮನ ಕೊಡದೆ ಮಂಗನನ್ನು ಕಿಟಕಿಯ ಸೀಟಿಗೆ ಕಳಿಸಿದ.

“ಸರ್! ಟಿಕೆಟ್!” ಅವಳು ಇನ್ನೂ ಜೋರಾಗಿ ಕೇಳಿದಳು. ಅವನು ಮುಂದಿನ ಸ್ಟಾಪಿನಲ್ಲಿದ್ದ. ಆಗ ಅವಳು ಬಾಗಿಲ ಬಳಿಯಿದ್ದ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರೇ ಬಂದಿತ್ತು. “ಸರ್, ನೀವು ಅಲ್ಲಿ ಮಾತೇ ಕೇಳುದಿಲ್ಲ!”

ಮಾಡದ ತಪ್ಪಿಗೆ ನನಗೆ ನಾಚಿಕೆಯಾಯಿತು. ಹಾಗೆಯೇ ಅಕ್ಕಿ ಡಬ್ಬದ ಹಿಂದೆ ಕೂತು ಇದೇ ಪ್ರಶ್ನೆ ಕೇಳಿದ್ದವಳೂ ನೆನಪಾದಳು.

“ನಿಲ್ಲಿಸಿ ಟೀಚರ್,” ಎಂದೆ.

ಟೀಚರ್ ಗುಂಡಿ ಒತ್ತಿದರು. “ಅರ್ಧ ಟಿಕೆಟ್ ತೆಕ್ಕೊಂಡಿತು,” ಎಂದು ನಾನು ಹೇಳುವಷ್ಟರಲ್ಲಿ ಹಿಂದಿನಿಂದ ಮೂರನೇ ಕ್ಲಾಸಿನ ಯಶಸ್ವಿ ಎದ್ದ. “ಅಲ್ಲ ಸರ್! ಕಂಡಕ್ಟರ್ ಮಲಯಾಳದಲ್ಲಿ ಬೈದದ್ದು, ಮಂಗಕ್ಕೆ ಅರ್ಥ ಆಗ್ಲಿಲ್ಲ.”

“ಹೂಂ,” ಎಂದೆ ನಾನು.

“ಆಮೇಲೆ ಮಂಗ ಕಂಡಕ್ಟರ್‌ನ ಬ್ಯಾಗ್ ತೆಕ್ಕೊಂಡು ಟಿಕೆಟ್ ಹರಿದು ಎಲ್ಲರಿಗೂ ಕೊಟ್ಟಿತು.”

“ಹೂಂ.”

ಅಲ್ಲಿಂದ ಮುಂದೆ ಬಸ್ಸನ್ನು ಮಕ್ಕಳೇ ಓಡಿಸಿದರು. ಟಿವಿಯಲ್ಲಿ ನಾನು ಬಾಯಿ ತೆರೆದುಕೊಂಡೇ ಬಾಕಿ. ಗಂಟೆ ಹೊಡೆದಾಗ ಮಂಗ ಇನ್ನೂ ಕಾಸರಗೋಡು ತಲುಪಿರಲಿಲ್ಲ.

ಜಸೀನಾ ಟೀಚರ್ ರಿಮೋಟನ್ನು ನನ್ನ ಕೈಗಿಟ್ಟರು. “ಇದನ್ನು ನಿಲ್ಲಿಸ್ಲಿಕ್ಕೆ ಒಬ್ಬರು ಬೇಕಾಗ್ತದೆ ಸರ್. ಶುಕ್ರವಾರ ನೀವೇ ಬನ್ನಿ. ಗಣಿತ ನಾನು ನೋಡಿಕೊಳ್ತೇನೆ.” ಅವರ ಕೈಯನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ಸಂಜೆ ಮನೆಗೆ ಹೋದಾಗ ಲೋಲಾಕ್ಷಿ ಮೌನ ಮುರಿದಿದ್ದಳು, ಏಕೆಂದರೆ ಹೇಳಲು ವಿಷಯವಿತ್ತು. ರೇಷನ್ ಅಂಗಡಿಯ ಸಾಲಿನಲ್ಲಿ ತನ್ನ ಮುಂದೆ ನುಗ್ಗಿದ್ದು ಯಾರು, ಹೇಗೆ ಎಂದು ಒಂದೊಂದಾಗಿ ಹೇಳತೊಡಗಿದಳು. ನಾನು ಚಾ ಲೋಟ ಹಿಡಿದು ಎದುರು ಕೂತೆ.

“ಹೂಂ,” ಎಂದೆ.

ಅವಳು ತಟ್ಟನೆ ನಿಲ್ಲಿಸಿದಳು. “ನಿಮ್ಮ ಹೂಂ ನನಗೆ ಗೊತ್ತುಂಟು. ನುಗ್ಗಿದ್ದು ಯಾರು, ಹೇಳಿ ನೋಡುವಾ?”

“ಬೆಳ್ಯಪ್ಪಣ್ಣ. ಬಗಲಲ್ಲಿ ಕೊಡೆ ಇತ್ತು, ಅದು ನಿನ್ನ ಸೊಂಟಕ್ಕೆ ತಾಗಿತು. ಆಮೇಲೆ ನೀನು ಎಂತ ಹೇಳಿದೆ?”

ಲೋಲಾಕ್ಷಿ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಇಲ್ಲವಷ್ಟೆ ಎಂದು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು, ಮೊದಲಿನಿಂದ ಶುರು ಮಾಡಿದಳು.