ಬಳುವಳಿ ಎಮ್ಮೆ

ಶ್ರಾವಣದ ಪ್ರವಚನ ಕೇಳಿ ಬಸವಣ್ಣೆಪ್ಪನಿಗೆ ವೈರಾಗ್ಯ ಬಂತು. ಬಂದದ್ದು ಅವನಿಗೆ, ಖಾಲಿಯಾದದ್ದು ಹೆಂಡತಿ ಮಹಾದೇವಕ್ಕನ ಅಡುಗೆಮನೆ. ತಾಮ್ರದ ಹಂಡೆ ಮಠಕ್ಕೆ ಹೋಯಿತು. ಹಿಂದೆಯೇ ಹಿತ್ತಾಳೆ ಕೊಡ, ಮಂಚ, ಟ್ರಾನ್ಸಿಸ್ಟರು.

"ಗಂಗಾಳ ಎರಡಿದ್ರ ಸಾಕು. ನಮಗ ಬಾಯಿ ಎಷ್ಟದಾವು?" ಎಂದ.

ಊರವರು ಅವನ ಕಾಲು ಮುಟ್ಟತೊಡಗಿದರು. ಅವನ ಕೈಗಡಿಯಾರ ಮಾತ್ರ ಕೈಯಲ್ಲೇ ಇತ್ತು.

ಮಹಾದೇವಕ್ಕ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಹಿತ್ತಲಲ್ಲಿ ಎಮ್ಮೆ ಇತ್ತಲ್ಲ! ಮದುವೆಯಲ್ಲಿ ದೇವಿಕೊಪ್ಪದ ತವರಿನವರು ಬಳುವಳಿ ಕೊಟ್ಟ ಎಮ್ಮೆಗೆ ಹುಟ್ಟಿ ಬೆಳೆದದ್ದು ಅದು. ಬಳುವಳಿಯ ದನ, ಅದರ ಹಾಲು, ತುಪ್ಪ ಹೆಂಗಸಿನವು. ಗಂಡಸು ಕೈ ಹಾಕುವಂತಿಲ್ಲ. ಮಗಳು ಗುರವ್ವ ಹಸಿ ಬಾಣಂತಿ. ಆ ಹಾಲು ತುಪ್ಪದಿಂದಲೇ ಅವಳು ಚೇತರಿಸಿಕೊಳ್ಳಬೇಕು.

ಒಂದು ಸಂಜೆ ಹೊಲದಿಂದ ಬಂದರೆ ಗೂಟ ಬರಿದಾಗಿತ್ತು.

"ಎಮ್ಮಿ ಎಲ್ಲೈತ್ರಿ?"

"ಮಠಕ್ಕ ಬಿಟ್ಟೆ. ಅದೊಂದು ಮೋಹ ಉಳದಿತ್ತು."

"ಯಾರ ಮೋಹ? ನಿಮ್ಮಪ್ಪ ತಂದು ಕಟ್ಟಿದ್ನೇನು?"

"ಪ್ರವಚನದ ಸಭಾದಾಗ ಕೊಡ್ತೇನಂತ ಹೇಳೇನಿ. ಬಾಯಿ ಮಾಡಬ್ಯಾಡ."

ಬೆಳಗಾಗುತ್ತಲೇ ಮಠದ ಆಳು ಮಡಿವಾಳೆಪ್ಪ ಕುಂಟುತ್ತ ಬಂದ. "ಅಕ್ಕಾರ, ಎಮ್ಮಿ ಹಾಲು ಬಿಡವಲ್ದರಿ. ಒದ್ದು ಕೆಡವೈತಿ ನನ್ನ. ನೀವ ಬರಬೇಕ್ರಿ."

"ವೈರಾಗ್ಯದವರ್ನ ಕರಕೊಂಡು ಹೋಗು, ಅವರು ಹಿಂಡ್ಲಿ" ಎಂದಳು. ಆದರೂ ಹೋದಳು. ಕೆಚ್ಚಲು ಕಲ್ಲಾಗಿತ್ತು. ಇವಳನ್ನು ಕಂಡದ್ದೇ ಎಮ್ಮೆ ಒದರಿತು. ಕೂತು ಹಿಂಡಿದಳು. ಕೊಡ ತುಂಬಿದ ಮೇಲೆ ಸೊಂಟಕ್ಕಿಟ್ಟು ಮನೆಯ ದಾರಿ ಹಿಡಿದಳು.

ಮಠದ ಕಟ್ಟೆಯ ಮೇಲೆ ನಾಲ್ಕು ಮಂದಿಯೊಡನೆ ಕೂತಿದ್ದ ಬಸವಣ್ಣೆಪ್ಪ ಹಾರಿಬಿದ್ದ. "ಏ, ಇಳಸು! ಮಠದ ಹಾಲದು!"

"ಕೊಟ್ಟಾವ್ರು ನೀವು. ಹಿಂಡಾಕಿ ನಾ. ಮನ್ಯಾಗ ಬಾಣಂತಿ ಅದಾಳ."

"ಮಂದಿ ಮುಂದ ಮಾನ ತೆಗೀತಿಯೇನು?" ಎಂದು ಕೊಡ ಕಸಿದುಕೊಂಡು ಮಡಿವಾಳೆಪ್ಪನ ಕೈಗೆ ಕೊಟ್ಟ. ಕಟ್ಟೆಯಲ್ಲಿದ್ದವರು ನೆಲ ನೋಡಿದರು.

ಇನ್ನು ಆ ಕಡೆ ಕಾಲಿಡುವುದಿಲ್ಲ ಎಂದುಕೊಂಡಳು. ಮರುದಿನ ಎಮ್ಮೆ ಒದರುವುದು ಓಣಿಗೆಲ್ಲ ಕೇಳಿಸಿತು. ಕೂಸಿಗೆ ನೀರು ಹಾಕುತ್ತಿದ್ದವಳು ತಡೆದಷ್ಟು ತಡೆದಳು. ಕೊನೆಗೆ ಕೂಸನ್ನು ಮಗಳ ಮಡಿಲಿಗೆ ಹಾಕಿ ಹೋದಳು, ಹಿಂಡಿದಳು, ಕೊಡ ಅಲ್ಲೇ ಬಿಟ್ಟು ಬಂದಳು. ಆಮೇಲೆ ಅದೇ ದಿನಚರಿಯಾಯಿತು.

ವಾರದ ಮೇಲೆ ಬಸವಣ್ಣೆಪ್ಪ ನಗುತ್ತ ಒಳಗೆ ಬಂದ. "ಕೇಳಿದೇನು? ಇವತ್ತ ಸಭಾದಾಗ ಸ್ವಾಮಿಗೋಳು ನಿನ್ನ ಸೇವಾನೂ ಅಗದಿ ಹೊಗಳಿದ್ರು!"

ಮಹಾದೇವಕ್ಕ ಗುರವ್ವನ ಮುಂದೆ ಕರಿ ಚಹಾ ಇಟ್ಟಳು.